ಅಲಾಸ್ಕದ ಹಳ್ಳದ ದಂಡೆಯಲ್ಲಿ ಏಳು ದಿನ

ಮೊದಲ ದಿನ: ಫಾಕ್ಸ್‌ನ ಸುರಂಗ

ಧಾರವಾಡದ ಸುತ್ತಮುತ್ತ ಮಣ್ಣು ಪರೀಕ್ಷೆ ಮಾಡಿಕೊಂಡು ಮೂವತ್ತು ವರ್ಷ ಕಳೆದ ನನಗೆ, ನೆಲ ಎಂದರೆ ಅಗೆದಷ್ಟೂ ಅಗೆಸಿಕೊಳ್ಳುವ ವಸ್ತು ಎಂಬ ನಂಬಿಕೆಯಿತ್ತು. ಗುದ್ದಲಿ ಬಂಡೆಗೆ ತಾಗುವುದುಂಟು, ಗರಸಿಗೆ ತಾಗುವುದುಂಟು. ಆದರೆ ಮಂಜುಗಡ್ಡೆಗೆ ತಾಗಿ ಠಣ್ಣೆನ್ನುವುದನ್ನು ನಾನು ಕೇಳಿರಲಿಲ್ಲ. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಸಂಶೋಧನೆ ಮಾಡುತ್ತಿರುವ ಅಣ್ಣನ ಮಗಳು, ಹಳ್ಳದ ದಂಡೆಯ ಮಣ್ಣಿನಲ್ಲಿ ಸಾರಜನಕ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ಅಳೆಯುವವಳು, ಆಗಸ್ಟ್ ಕೊನೆಗೆ ಬಂದರೆ ನೆಲ ಅತಿ ಹೆಚ್ಚು ಆಳ ಕರಗಿರುತ್ತದೆ, ಸೊಳ್ಳೆಯೂ ಕಡಿಮೆ, ನನಗೂ ಎರಡು ಕೈ ಹೆಚ್ಚಾಗುತ್ತವೆ ಎಂದು ಕರೆದಳು. ಎರಡು ಕೈಗಳಿಗಾಗಿ ಕರೆದಳೆಂಬುದು ಮೂರನೆಯ ದಿನ ಚೆನ್ನಾಗಿ ಅರ್ಥವಾಯಿತು.

ಬಂದ ಮರುದಿನ ಬೆಳಿಗ್ಗೆ ನಮ್ಮ ಮೊದಲ ಭೇಟಿ ಊರಿನಿಂದ ಉತ್ತರಕ್ಕೆ ಸುಮಾರು 16 ಕಿಲೋಮೀಟರ್ ದೂರದ ಫಾಕ್ಸ್ ಎಂಬಲ್ಲಿರುವ ಸುರಂಗಕ್ಕೆ. ಅಮೆರಿಕದ ಸೇನೆಯ ಎಂಜಿನಿಯರುಗಳು 1960ರ ದಶಕದಲ್ಲಿ ಹೆಪ್ಪುಗಟ್ಟಿದ ಗುಡ್ಡದೊಳಕ್ಕೆ ನೂರು ಮೀಟರಿಗೂ ಹೆಚ್ಚು ಉದ್ದ ಕೊರೆದ ಈ ಸುರಂಗವನ್ನು ಇಂದಿಗೂ ತಂಪುಯಂತ್ರಗಳಿಂದ ಸೊನ್ನೆಗಿಂತ ಕೆಳಗೆ ಇಟ್ಟಿದ್ದಾರೆ. ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ವಾಸನೆ. ಹಳೆಯ ಸಗಣಿಗುಂಡಿಯ ತಳವನ್ನು ಬೇಸಿಗೆಯಲ್ಲಿ ಕೆದಕಿದಾಗ ಬರುವಂಥದ್ದೇ, ಆದರೆ ತಣ್ಣಗಿನದು. ಗಾಳಿ ಹೊತ್ತು ತಂದ ನುಣ್ಣನೆಯ ಹೂಳು, ಅದರ ನಡುವೆ ಮೇಲಿನಿಂದ ಇಳಿದ ಬೆಣೆಯಾಕಾರದ ಹೊಳೆಯುವ ಮಂಜುಗಡ್ಡೆ, ಗೋಡೆಯಿಂದ ಚಾಚಿಕೊಂಡ ಹುಲ್ಲಿನ ಬೇರು, ಹಿಮಯುಗದ ಕಾಡೆಮ್ಮೆಯ ಮೂಳೆ. ಆ ಬೇರನ್ನು ನೋಡುತ್ತ ನಿಂತೆ. ಹತ್ತಾರು ಸಾವಿರ ವರ್ಷಗಳ ಹಿಂದೆ ಸತ್ತ ಹುಲ್ಲು ಕೊಳೆಯದೆ ಉಳಿದಿದೆಯೆಂದರೆ ಅದರೊಳಗಿನ ಸಾರಜನಕವೂ ಹಾಗೆಯೇ ಬೀಗ ಹಾಕಿಕೊಂಡು ಕೂತಿದೆ ಎಂದರ್ಥ.

ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಹೆಸರಿನಲ್ಲಿ ಶಾಶ್ವತವೆಂಬ ಅರ್ಥವಿದ್ದರೂ ಲಕ್ಷಣದಲ್ಲಿ ಬೇಡಿರುವುದು ಎರಡೇ ವರ್ಷ. ಅದರ ಮೇಲೆ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವ ತೆಳುವಾದ ಪದರವೊಂದಿದೆ. ಗಿಡದ ಬೇರು, ಹುಳ, ಬ್ಯಾಕ್ಟೀರಿಯ, ನೀರು ಎಲ್ಲದರ ಸಂಸಾರವೂ ಆ ಪದರದೊಳಗೇ ನಡೆಯಬೇಕು.

ಎರಡನೆಯ ದಿನ: ಕ್ಯಾರಿಬೂ ಮತ್ತು ಪೋಕರ್ ಹಳ್ಳಗಳು

ಸ್ಟೀಸ್ ಹೆದ್ದಾರಿಯಲ್ಲಿ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಕ್ಯಾರಿಬೂ-ಪೋಕರ್ ಸಂಶೋಧನಾ ಜಲಾನಯನ ಸಿಗುತ್ತದೆ. ಜಲಾನಯನ ಎಂಬ ಮಾತು ನಮ್ಮ ಕಡೆ ಬದು, ಕೃಷಿಹೊಂಡ, ಇಲಾಖೆಯ ಫಲಕಗಳನ್ನು ನೆನಪಿಸುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. 104 ಚದರ ಕಿಲೋಮೀಟರಿನ ಕಾಡು, ಅದರೊಳಗೆ ಹರಿಯುವ ಸಣ್ಣ ಹಳ್ಳಗಳು, ಹಳ್ಳಗಳ ಬಾಯಲ್ಲಿ ನೀರಿನ ಅಳತೆ ಕಟ್ಟೆಗಳು, ಅಷ್ಟೇ. 1969ರಲ್ಲಿ ಗುರುತು ಹಾಕಿದ ಜಾಗ. ಒಂದೇ ಕಾಡಿನೊಳಗೆ ಪರ್ಮಾಫ್ರಾಸ್ಟ್ ಹೆಚ್ಚಿರುವ ಹಳ್ಳವೂ ಇಲ್ಲದಂತೆಯೇ ಇರುವ ಹಳ್ಳವೂ ಮಗ್ಗುಲಲ್ಲೇ ಸಿಗುತ್ತವೆಂಬುದು ಇದರ ಬೆಲೆ. ಸಿ-2 ಎಂಬ ಹಳ್ಳಕ್ಕೆ ನೀರುಣಿಸುವ ನೆಲದಲ್ಲಿ ಸುಮಾರು ಶೇ. 4 ಮಾತ್ರ ಪರ್ಮಾಫ್ರಾಸ್ಟ್. ಸಿ-3ರಲ್ಲಿ ಸುಮಾರು ಶೇ. 53. ಮಳೆ ಒಂದೇ, ಬಂಡೆ ಒಂದೇ, ಆದರೆ ನೆಲದೊಳಗಿನ ಮಂಜಿನ ತಟ್ಟೆ ಬೇರೆ.

ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬರ್ಚ್, ಆಸ್ಪೆನ್ ಮರಗಳು ಬೆಳ್ಳಗೆ, ಸಡಿಲವಾಗಿ ನಿಂತು, ಎಲೆ ಆಗಲೇ ಹಳದಿಗೆ ತಿರುಗುತ್ತಿತ್ತು. ಕಾಲಡಿ ಒಣಗಿದ ತರಗೆಲೆ. ಅದೇ ಕಣಿವೆಯ ಉತ್ತರಮುಖದಲ್ಲಿ ಬಾಟಲಿ ತೊಳೆಯುವ ಕುಂಚದಂಥ ಕಪ್ಪು ಸ್ಪ್ರೂಸ್ ಮರಗಳು, ನೂರು ವರ್ಷವಾದರೂ ನನ್ನ ತೊಡೆಯಷ್ಟೂ ದಪ್ಪವಾಗದವು, ಅತ್ತಿತ್ತ ವಾಲಿಕೊಂಡು ನಿಂತಿವೆ. ಕೆಳಗೆ ಹಾವಸೆಯ (ಇಂಗ್ಲಿಷಿನ ಮಾಸ್) ಹಾಸಿಗೆ. ಕಾಲಿಟ್ಟರೆ ಪಾದ ಮುಳುಗಿ, ಎತ್ತಿದರೆ ಮತ್ತೆ ಉಬ್ಬುತ್ತದೆ. ಈ ಹಾವಸೆಯೇ ನೆಲಕ್ಕೆ ಕಂಬಳಿ: ಬೇಸಿಗೆಯಲ್ಲಿ ಒಣಗಿ ಬಿಸಿಲನ್ನು ಕೆಳಗಿಳಿಯಗೊಡದೆ, ಚಳಿಗಾಲದಲ್ಲಿ ಒದ್ದೆಯಾಗಿ ಹೆಪ್ಪುಗಟ್ಟಿ ಚಳಿಯನ್ನು ಒಳಬಿಟ್ಟು, ಕೆಳಗಿನ ಮಂಜನ್ನು ಕಾಯುತ್ತದೆ. ಹಾವಸೆಯ ಎಲೆಗಳ ಸಂದಿಯಲ್ಲಿ ನಾಸ್ಟಾಕ್ ಜಾತಿಯ ನೀಲಿಹಸಿರು ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಯೂರಿಯಾ ಚೀಲವನ್ನೇ ಕಾಣದ ಈ ಕಾಡಿಗೆ ಬರುವ ಮುಖ್ಯ ಗೊಬ್ಬರಗಳಲ್ಲಿ ಅದೊಂದು.

ಸಿ-3ರ ದಂಡೆಯಲ್ಲಿ ಅವಳು ಉಕ್ಕಿನ ಸರಳೊಂದನ್ನು ನನ್ನ ಕೈಗೆ ಕೊಟ್ಟು ಚುಚ್ಚಲು ಹೇಳಿದಳು. ಹಾವಸೆಯಲ್ಲಿ ಬೆಣ್ಣೆಯೊಳಗಿನಂತೆ ಇಳಿದ ಸರಳು, ಮೊಣಕಾಲಿನ ಮಟ್ಟಕ್ಕೆ ಸ್ವಲ್ಪ ಕಡಿಮೆ ಆಳದಲ್ಲಿ ಒಮ್ಮೆಗೇ ನಿಂತು, ಅಂಗೈಗೆ ಏಟು ಬಿದ್ದಂತಾಯಿತು. ಎರಡನೆಯ ಸಲ ಚುಚ್ಚಿದಾಗ ಆ ಠಣ್ ಸದ್ದು ಕೇಳಿಸಿತು.

ಆಮೇಲೆ ಕೊಳವೆಯಿಂದ ಒಂದು ಮಣ್ಣಿನ ಕಡ್ಡಿ ತೆಗೆದು ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿದೆವು. ಮೇಲ್ತುದಿಯಲ್ಲಿ ಹಸಿರು ಹಾವಸೆ. ಅದರ ಕೆಳಗೆ ಚಹಾಪುಡಿಯ ಬಣ್ಣದ, ನಾರು ನಾರಾದ, ಹಿಂಡಿದರೆ ಸ್ಪಂಜಿನಂತೆ ನೀರಿಳಿಸುವ ಪದರ. ಆಮೇಲೆ ಬೆರಳಿಗೆ ಎಣ್ಣೆಯಂತೆ ಹತ್ತುವ ಕಪ್ಪು ಕೊಳೆತ. ಕೊನೆಗೆ ಬೂದಿಬಣ್ಣದ ಹೂಳು, ಅದರ ತುದಿಯಲ್ಲಿ ಗೋಧಿಕಾಳಿನ ಗಾತ್ರದ ಮಂಜಿನ ಹರಳುಗಳು. ಬೂದಿ ಹೂಳಿನಲ್ಲಿ ಅಲ್ಲಲ್ಲಿ ತುಕ್ಕಿನ ಬಣ್ಣದ ಗೆರೆಗಳು ಬೇರಿನ ಗುಂಟ ಇಳಿದಿದ್ದವು. ಆ ಗೆರೆ ನನಗೆ ಹಳೆಯ ಪರಿಚಯ. ಗಂಗಾವತಿಯ ಭತ್ತದ ಗದ್ದೆಯ ಕೆಸರಿನಲ್ಲೂ ಬೇರಿನ ಸುತ್ತ ಇದೇ ತುಕ್ಕು ಕಾಣುತ್ತದೆ, ಏಕೆಂದರೆ ಉಸಿರುಗಟ್ಟಿದ ಕೆಸರಿನಲ್ಲಿ ಬೇರಿನ ಅಂಚಿಗೆ ಮಾತ್ರ ಆಮ್ಲಜನಕ ಸೋರುತ್ತದೆ.

ಗದ್ದೆಯಲ್ಲಿ ನಡೆಯುವುದು ರೈತರಿಗೂ ಗೊತ್ತಿರುವ ಕಥೆ. ನಿಂತ ನೀರಿನ ಮೇಲೆ ಯೂರಿಯಾ ಎರಚಿದರೆ, ಗಾಳಿ ಸೋಕುವ ಕೆಲವೇ ಮಿಲಿಮೀಟರ್ ಮೇಲ್ಪದರದಲ್ಲಿ, ಅದರಿಂದ ಬಂದ ಅಮೋನಿಯಂ ಎಂಬ ಸಾರಜನಕದ ರೂಪವು ನೈಟ್ರೇಟ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಆ ನೈಟ್ರೇಟ್ ಕೆಳಗಿನ ಉಸಿರಿಲ್ಲದ ಕೆಸರಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಗಳು ಆಮ್ಲಜನಕದ ಬದಲು ಅದನ್ನೇ ಉಸಿರಾಡಿ, ನೈಟ್ರಸ್ ಆಕ್ಸೈಡ್ ಮೂಲಕ ಸಾರಜನಕದ ಅನಿಲವನ್ನಾಗಿಸಿ ಗಾಳಿಗೆ ಬಿಡುತ್ತವೆ. ರೈತನ ದುಡ್ಡು ಆಕಾಶಕ್ಕೆ ಹೋಗುತ್ತದೆ. ಅದಕ್ಕೇ ಯೂರಿಯಾವನ್ನು ಕೆಸರಿನೊಳಗೆ ಹುದುಗಿಸಿ ಎಂದು ನಾವು ಊರೂರು ತಿರುಗಿ ಹೇಳುತ್ತಿದ್ದೆವು. ಹಳ್ಳದ ದಂಡೆಯ ಮಣ್ಣಿನಲ್ಲೂ ನಿಯಮ ಇದೇ. ಆದರೆ ಗದ್ದೆಯಲ್ಲಿ ನಷ್ಟವೆನಿಸಿದ್ದು ಇಲ್ಲಿ ಕಾವಲಾಗುತ್ತದೆ, ಇಳಿಜಾರಿನಿಂದ ಬರುವ ನೈಟ್ರೇಟ್ ಹಳ್ಳಕ್ಕೆ ಬೀಳುವ ಮೊದಲು ಬೇರು ಅಥವಾ ಬ್ಯಾಕ್ಟೀರಿಯ ಎರಡರಲ್ಲೊಂದು ಅದನ್ನು ಹಿಡಿದುಬಿಡುತ್ತದೆ.

ಹಿಡಿಯಬೇಕಾದರೆ ನೀರು ಅವುಗಳ ಕೈಗೆ ಸಿಗಬೇಕಲ್ಲ. ಸಂಜೆ ದಂಡೆಯಲ್ಲಿ ಕೂತು ಅವಳು ಬಿಡಿಸಿ ಹೇಳಿದ್ದು ಇದನ್ನೇ. ಬರ್ಚ್ ಇಳಿಜಾರಿನಲ್ಲಿ ಮಳೆನೀರು ಸೀದಾ ಆಳಕ್ಕಿಳಿದು, ಬಿರುಕುಬಿಟ್ಟ ಬಂಡೆಯ ಮೂಲಕ ಸುತ್ತಿ ಬಂದು ಹಳ್ಳದ ತಳದಲ್ಲಿ ಉಕ್ಕುತ್ತದೆ. ದಂಡೆಯ ಕಪ್ಪು ಪದರವನ್ನು ಅದು ಮುಟ್ಟದೆಯೂ ಹೋಗಬಹುದು. ಸ್ಪ್ರೂಸ್ ಇಳಿಜಾರಿನಲ್ಲಾದರೋ ಕೆಳಗೆ ಮಂಜಿನ ತಟ್ಟೆಯಿರುವುದರಿಂದ ನೀರಿಗೆ ಬೇರೆ ದಾರಿಯೇ ಇಲ್ಲ. ಹಾವಸೆ ಮತ್ತು ಕಪ್ಪು ಕೊಳೆತದೊಳಗೆ ಅಡ್ಡಡ್ಡ ಜಿನುಗುತ್ತ, ಬೇರುಗಳ ನಡುವೆಯೇ ದಂಡೆಗೆ ಬರಬೇಕು. ಆದ್ದರಿಂದ ಪರ್ಮಾಫ್ರಾಸ್ಟ್ ಹೆಚ್ಚಿರುವ ಹಳ್ಳದ ನೀರಿಗೆ ಸಾವಯವ ಇಂಗಾಲದ ಬಣ್ಣ ಹೆಚ್ಚು, ಕರಗಿದ ಸಾವಯವ ಸಾರಜನಕವೂ ಹೆಚ್ಚು. ಆಳದ ಬಂಡೆಯಿಂದ ಬರುವ ಖನಿಜ ಲವಣ ಕಡಿಮೆ. ದಂಡೆಯ ಬ್ಯಾಕ್ಟೀರಿಯಗಳಿಗೆ ಇಂಗಾಲದ ಊಟವಿದೆ, ಉಸಿರುಗಟ್ಟಿದ ಕೋಣೆಯೂ ಇದೆ, ಕೊರತೆ ನೈಟ್ರೇಟಿನದೇ. ಪ್ರಯೋಗಾಲಯದಲ್ಲಿ ಒಂದು ಚಿಟಿಕೆ ನೈಟ್ರೇಟ್ ಕೊಟ್ಟರೆ ಸಾಕು, ನಾಲ್ಕು ದಿನ ಉಪವಾಸವಿದ್ದವರಂತೆ ಮುಗಿಬೀಳುತ್ತವೆ ಎಂದಳು.

ಮೂರನೆಯ ದಿನ: ಮಳೆ

ಬೆಳಗಿನ ಜಾವದಿಂದ ಮಳೆ. ಅವಳಿಗೆ ಹಬ್ಬ. ಮಳೆ ಬಂದಾಗಲೇ ದಂಡೆಯ ಪದರಗಳು ತಮ್ಮ ಸರಕನ್ನು ಹಳ್ಳಕ್ಕೆ ಸುರಿಯುವುದು, ಆದ್ದರಿಂದ ಪ್ರತಿ ಗಂಟೆಗೊಮ್ಮೆ ನೀರು ಹಿಡಿಯಬೇಕು. ನಿನ್ನೆ ಗಾಜಿನಂತಿದ್ದ ಸಿ-3ರ ನೀರು ಮಧ್ಯಾಹ್ನದ ಹೊತ್ತಿಗೆ ಹಾಲು ಹಾಕದ ಚಹಾ ಆಯಿತು. ಸಿ-2ರದು ಅಷ್ಟಾಗಿ ಬದಲಾಗಲಿಲ್ಲ. ನನಗೆ ವಹಿಸಿದ ಕೆಲಸ ಇಷ್ಟೇ: ಸೀಸೆ ತುಂಬುವುದು, ಕೂಡಲೇ ಸಣ್ಣ ರಂಧ್ರದ ಸೋಸುಹಾಳೆಯಲ್ಲಿ ಸೋಸುವುದು, ಮಂಜಿನ ಪೆಟ್ಟಿಗೆಗೆ ಹಾಕುವುದು.

ಊಟದ ನಂತರದ ಹನ್ನೆರಡು ಸೀಸೆಗಳನ್ನು ನಾನು ಸೋಸದೆ ಬಿಸಿಗಾಳಿ ಹಾಕಿದ್ದ ಗಾಡಿಯೊಳಗೆ ಬಿಟ್ಟೆ. ಚಳಿಗೆ ಬೆರಳು ಮರಗಟ್ಟಿದ್ದವು, ಸೋಸುಹಾಳೆ ಜಾರುತ್ತಿತ್ತು, ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಸಂಜೆ ಅವಳು ನೋಡಿ ಏನೂ ಬಯ್ಯಲಿಲ್ಲ. ಹನ್ನೆರಡನ್ನೂ ಒಂದೊಂದಾಗಿ ಮುಚ್ಚಳ ತೆರೆದು ಹೊರಗೆ ಚೆಲ್ಲಿದಳು. ಬೆಚ್ಚಗಿನ ಸೀಸೆಯೊಳಗೆ ಬ್ಯಾಕ್ಟೀರಿಯಗಳು ತಮ್ಮ ಕೆಲಸ ನಿಲ್ಲಿಸಿರುವುದಿಲ್ಲ, ಅಮೋನಿಯಂ ತಿಂದಿರುತ್ತವೆ, ಸಾವಯವ ಸಾರಜನಕವನ್ನು ಒಡೆದಿರುತ್ತವೆ, ಈ ನೀರು ಈಗ ಹಳ್ಳದ ಕಥೆ ಹೇಳುವುದಿಲ್ಲ, ಸೀಸೆಯ ಕಥೆ ಹೇಳುತ್ತದೆ ಎಂದಳು. ಮೂವತ್ತು ವರ್ಷ ಇದೇ ಮಾತನ್ನು ಹೊಸ ಸಹಾಯಕರಿಗೆ ಹೇಳಿದವನು ನಾನು.

ರಾತ್ರಿ ಫೇರ್‌ಬ್ಯಾಂಕ್ಸ್‌ಗೆ ಮರಳಿ ಪ್ರಯೋಗಾಲಯದಲ್ಲಿ ಮಣ್ಣನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕಲಕಿಟ್ಟೆವು. ಮಣ್ಣಿನ ಕಣಕ್ಕೆ ಅಂಟಿದ ಅಮೋನಿಯಂ ಅನ್ನು ಪೊಟ್ಯಾಸಿಯಂ ಎಬ್ಬಿಸಿ ತಾನು ಕೂರುತ್ತದೆ. ಇದು ಧಾರವಾಡದಲ್ಲೂ ಫೇರ್‌ಬ್ಯಾಂಕ್ಸ್‌ನಲ್ಲೂ ಒಂದೇ ವಿಧಾನ. ಹೊಸತೆನಿಸಿದ್ದು ಮೂಲೆಯಲ್ಲಿದ್ದ ಅಸಿಟಿಲೀನ್ ಸಿಲಿಂಡರು, ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುವ ಅದೇ ಅನಿಲ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇರುವಾಗ ಮಣ್ಣಿನಿಂದ ಹೊರಟ ಒಂದು ಚೂರು ಸಾರಜನಕವನ್ನು ಅಳೆಯುವುದೆಂದರೆ ತುಂಬಿದ ಕೆರೆಯಲ್ಲಿ ತಾನು ಸುರಿದ ಚೊಂಬು ನೀರನ್ನು ಹುಡುಕಿದಂತೆ. ಅಸಿಟಿಲೀನ್ ಕೊಟ್ಟರೆ ಬ್ಯಾಕ್ಟೀರಿಯಗಳ ಕೊನೆಯ ಹೆಜ್ಜೆ ನಿಂತು, ನೈಟ್ರಸ್ ಆಕ್ಸೈಡ್ ಅಲ್ಲಿಯೇ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಅದನ್ನು ಅಳೆಯುವುದು ಸುಲಭ.

ನಾಲ್ಕನೆಯ ದಿನ: ಡಾಲ್ಟನ್ ಹೆದ್ದಾರಿ

ದಿನವಿಡೀ ಪ್ರಯಾಣ. 1974ರಲ್ಲಿ ತೈಲ ಕೊಳವೆಗಾಗಿ ಹಾಕಿದ ಈ 666 ಕಿಲೋಮೀಟರ್ ರಸ್ತೆಯ ಹೆಚ್ಚಿನ ಭಾಗ ಇಂದಿಗೂ ಜಲ್ಲಿಯದು. ಲಾರಿ ಎದುರಾದರೆ ಬದಿಗೆ ನಿಂತು ಗಾಜನ್ನು ದೇವರಿಗೊಪ್ಪಿಸಬೇಕು.

ಜೊತೆಜೊತೆಗೇ ಬರುವ ಕೊಳವೆಯನ್ನು ನೋಡಿ ನನಗೊಂದು ತಮಾಷೆ ಹೊಳೆಯಿತು. ಕರಗುವ ನೆಲವಿರುವಲ್ಲಿ ಕೊಳವೆಯನ್ನು ಕಂಬಗಳ ಮೇಲೆ ಎತ್ತಿಟ್ಟಿದ್ದಾರೆ, ಕಂಬಗಳ ತಲೆಯಲ್ಲಿ ರೆಕ್ಕೆಗಳಿರುವ ಜೋಡಿ ನಳಿಕೆಗಳಿವೆ. ಆ ನಳಿಕೆಗಳೊಳಗಿರುವುದು ಅಮೋನಿಯಾ. ಚಳಿಗಾಲದಲ್ಲಿ ನೆಲದ ಶಾಖಕ್ಕೆ ಆವಿಯಾಗಿ ಮೇಲೇರಿ, ರೆಕ್ಕೆಗಳಲ್ಲಿ ತಣಿದು ದ್ರವವಾಗಿ ಮತ್ತೆ ಕೆಳಗಿಳಿಯುತ್ತ, ಕಂಬದ ಬುಡದ ಮಂಜನ್ನು ಮಂಜಾಗಿಯೇ ಉಳಿಸುತ್ತದೆ. ಕೆಳಗೆ ಮಣ್ಣಿನಲ್ಲಿ ಅಮೋನಿಯಂ ಆಗಲು ಸಾರಜನಕ ಮಂಜು ಕರಗುವುದನ್ನು ಕಾಯುತ್ತಿದ್ದರೆ, ಮೇಲೆ ಅದೇ ಸಾರಜನಕವನ್ನು ಕೊಳವೆಯಲ್ಲಿ ತುಂಬಿ ಮಂಜು ಕಾಯಲು ನಿಲ್ಲಿಸಿದ್ದಾರೆ. ಯೂಕಾನ್ ನದಿ ದಾಟಿ, ಆರ್ಕ್ಟಿಕ್ ವೃತ್ತದ ಫಲಕದ ಬಳಿ ಎಲ್ಲರಂತೆ ನಾವೂ ಒಂದು ಫೋಟೊ ತೆಗೆಸಿಕೊಂಡು, ಕೋಲ್ಡ್‌ಫುಟ್‌ನಲ್ಲಿ ರಾತ್ರಿ ಕಳೆದೆವು.

ಐದನೆಯ ದಿನ: ಟೂಲಿಕ್‌ನ ಬಯಲು

1,444 ಮೀಟರ್ ಎತ್ತರದ ಅಟಿಗನ್ ಕಣಿವೆದಾರಿಯನ್ನು ದಾಟುವ ಮೊದಲೇ ಕೊನೆಯ ಮರ ಹಿಂದೆ ಉಳಿಯಿತು. ಆಚೆ ಬದಿಗೆ ಇಳಿದರೆ ಬರೀ ಬಯಲು, ಕೆಂಪು ತಿರುಗಿದ ಕುಳ್ಳ ಬರ್ಚ್ ಪೊದೆ, ಹತ್ತಿಹುಲ್ಲಿನ ಬಿಳಿ ತುರಾಯಿ. ಟೂಲಿಕ್ ಸರೋವರದ ಕ್ಷೇತ್ರಕೇಂದ್ರ 1975ರಿಂದ ಇಲ್ಲಿದೆ. ಫೇರ್‌ಬ್ಯಾಂಕ್ಸ್‌ನ ಸುತ್ತ ಪರ್ಮಾಫ್ರಾಸ್ಟ್ ತುಂಡು ತುಂಡಾಗಿದ್ದರೆ ಇಲ್ಲಿ ಅದು ಎಡೆಬಿಡದ ಹಾಸು. ಹೀಗಾಗಿ ಆಳದ ಅಂತರ್ಜಲ ಹಳ್ಳಕ್ಕೆ ಬರುವ ಮಾತೇ ಬಹುಮಟ್ಟಿಗೆ ಇಲ್ಲ; ಎಲ್ಲವೂ ಮೇಲಿನ ಮೊಳದುದ್ದದ ಪದರದ ವ್ಯವಹಾರ.

ಇಮ್ನಾವೈಟ್ ಹಳ್ಳದ ಇಳಿಜಾರಿನಲ್ಲಿ ನಡೆದದ್ದು ಈ ಪ್ರವಾಸದ ಅತಿ ಕಷ್ಟದ ಒಂದೂವರೆ ಗಂಟೆ. ಹತ್ತಿಹುಲ್ಲಿನ ಗುಪ್ಪೆಗಳ ಮೇಲೆ ಕಾಲಿಟ್ಟರೆ ವಾಲುತ್ತವೆ, ನಡುವೆ ಇಟ್ಟರೆ ಮುಳುಗುತ್ತದೆ. ಇಳಿಜಾರಿನ ಉದ್ದಕ್ಕೂ ಬಾಚಣಿಗೆಯಿಂದ ಗೀರಿದಂತೆ ಹಸಿರು ಗೆರೆಗಳು ಹಳ್ಳದ ಕಡೆಗೆ ಇಳಿದಿದ್ದವು; ಹತ್ತಿರ ಹೋದರೆ ಕಾಲುವೆಯಿಲ್ಲ, ಹುಲ್ಲಿನ ಬುಡದಲ್ಲಿ ನೀರು ಜಿನುಗುವ ಒದ್ದೆ ಪಟ್ಟಿ ಮಾತ್ರ, ಅದರ ಗುಂಟ ವಿಲೋ ಪೊದೆ ಎತ್ತರವಾಗಿ ಬೆಳೆದಿದೆ. ನೀರು ಹರಿಯುವಲ್ಲಿ ಪೋಷಕಾಂಶದ ಸರಬರಾಜು ಹೆಚ್ಚೆಂಬುದನ್ನು ಗಿಡವೇ ಬರೆದು ತೋರಿಸುತ್ತಿತ್ತು. ಹಳ್ಳವಂತೂ ಮಣಿಸರದಂತಿದೆ: ನೆಲದೊಳಗಿನ ಮಂಜಿನ ಬೆಣೆಗಳು ಕರಗಿದಲ್ಲೆಲ್ಲ ದುಂಡನೆಯ ಗುಂಡಿ, ಗುಂಡಿಯಿಂದ ಗುಂಡಿಗೆ ತೆಳುವಾದ ನೀರಿನ ದಾರ.

ಇಂಥ ಒದ್ದೆ, ಹುಳಿ, ತಣ್ಣನೆಯ ಮಣ್ಣಿನಲ್ಲಿ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳಿಗೆ ಬದುಕು ಕಷ್ಟ, ಆದ್ದರಿಂದ ಖನಿಜ ಸಾರಜನಕವೆಂದರೆ ಹೆಚ್ಚಾಗಿ ಅಮೋನಿಯಂ, ಅದೂ ಎಣಿಕೆಯಷ್ಟೇ. ಹಾಗಿದ್ದರೆ ಹತ್ತಿಹುಲ್ಲು ಏನು ತಿಂದು ಬದುಕುತ್ತದೆ? ಪರಿಸರ ವಿಜ್ಞಾನಿ ಟೆರಿ ಚಾಪಿನ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿಕೊಟ್ಟಂತೆ, ಅದು ಅಮೈನೋ ಆಮ್ಲಗಳನ್ನು ಹಾಗೆಯೇ ಬೇರಿನಿಂದ ಹೀರಿಕೊಳ್ಳಬಲ್ಲದು, ಶಿಲೀಂಧ್ರದ ಸಹಾಯವೂ ಇಲ್ಲದೆ. ಸಾವಯವ ಸಾರಜನಕ ಖನಿಜವಾದ ಮೇಲೆಯೇ ಬೆಳೆಗೆ ಸಿಗುತ್ತದೆ ಎಂದು ತರಬೇತಿಗಳಲ್ಲಿ ಬೋರ್ಡಿನ ಮೇಲೆ ಬಾಣ ಎಳೆದೆಳೆದು ಬರೆದವನು ನಾನು. ಆ ಬಾಣಗಳಲ್ಲಿ ಒಂದನ್ನು ಈ ಹುಲ್ಲು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಚಳಿಗಾಲದಲ್ಲಿ ಎಲ್ಲವೂ ನಿಂತುಹೋಗುತ್ತದೆಂಬ ನನ್ನ ಎಣಿಕೆಯೂ ತಪ್ಪಾಗಿತ್ತು. ಸೊನ್ನೆಯ ಕೆಳಗೂ ಮಣ್ಣಿನ ಕಣದ ಸುತ್ತ ನೀರಿನ ತೆಳುಪೊರೆ ದ್ರವವಾಗಿಯೇ ಉಳಿದು, ಅದರೊಳಗೆ ಬ್ಯಾಕ್ಟೀರಿಯಗಳು ನಿಧಾನವಾಗಿ ದುಡಿಯುತ್ತವೆ. ಪೊದೆಯಿರುವಲ್ಲಿ ಹಿಮ ಹೆಚ್ಚು ನಿಲ್ಲುತ್ತದೆ, ಹಿಮ ಹೆಚ್ಚಿದ್ದಲ್ಲಿ ನೆಲ ಬೆಚ್ಚಗಿರುತ್ತದೆ, ಬೆಚ್ಚಗಿದ್ದಲ್ಲಿ ಸಾರಜನಕ ಹೆಚ್ಚು ಬಿಡುಗಡೆಯಾಗುತ್ತದೆ, ಅದರಿಂದ ಪೊದೆ ಮತ್ತಷ್ಟು ಬೆಳೆಯುತ್ತದೆ. ಹಳ್ಳದ ದಂಡೆಗಳಲ್ಲಿ ಈ ಸುತ್ತು ಕಣ್ಣಿಗೆ ಕಾಣುವಷ್ಟು ಮುಂದುವರಿದಿದೆ.

ಆರನೆಯ ದಿನ

ಹಿಂದಿರುಗುವ ದಾರಿ, ಅದೇ ಜಲ್ಲಿ. ಕುಪಾರುಕ್ ನದಿಯ ಬಳಿ ಹತ್ತು ನಿಮಿಷ ನಿಂತೆವು. 1983ರಿಂದ ಈ ನದಿಗೆ ಬೇಸಿಗೆಗಳಲ್ಲಿ ಸ್ವಲ್ಪ ಸ್ವಲ್ಪ ರಂಜಕ ಬಿಟ್ಟು ನೋಡಿದ್ದಾರೆ. ಮೊದಲಿಗೆ ಪಾಚಿ ಹೆಚ್ಚಿತು, ಸುಮಾರು ಒಂದು ದಶಕ ಕಳೆಯುವ ಹೊತ್ತಿಗೆ ತಳವನ್ನೆಲ್ಲ ಹಾವಸೆ ಆವರಿಸಿತು. ನಾಲ್ಕೈದು ವರ್ಷಕ್ಕೆ ಪ್ರಯೋಗ ನಿಲ್ಲಿಸಿದ್ದರೆ ನದಿಯ ಬಗ್ಗೆ ತಪ್ಪನ್ನೇ ಬರೆದಿಡುತ್ತಿದ್ದರು. ಮೂರು ವರ್ಷದ ಯೋಜನೆ, ನಾಲ್ಕನೆಯ ವರ್ಷ ವರದಿ ಎಂಬ ನಮ್ಮ ರೂಢಿ ನೆನಪಾಗಿ ಸುಮ್ಮನಾದೆ.

ಏಳನೆಯ ದಿನ: ಮತ್ತೆ ಸಿ-3

ಹೊರಡುವ ಮುನ್ನ ದಂಡೆಯಲ್ಲಿ ಹೂತಿಟ್ಟ ರಾಳದ ಚೀಲಗಳನ್ನು ಕೀಳುವುದಿತ್ತು. ಹೆಂಗಸರ ನೈಲಾನ್ ಕಾಲುಚೀಲದ ತುಂಡಿನಲ್ಲಿ ಮೀನಿನ ಮೊಟ್ಟೆಯಂಥ ರಾಳದ ಮಣಿಗಳನ್ನು ಕಟ್ಟಿ ನೆಲದೊಳಗಿಟ್ಟರೆ, ಹಾದುಹೋಗುವ ನೀರಿನ ಅಮೋನಿಯಂ, ನೈಟ್ರೇಟ್ ಆ ಮಣಿಗಳಿಗೆ ಅಂಟಿಕೊಳ್ಳುತ್ತವೆ. ಇಡೀ ಬೇಸಿಗೆಯ ಲೆಕ್ಕ ಒಂದು ಗಂಟಿನಲ್ಲಿ. ಆಲ್ಡರ್ ಪೊದೆಯ ಬುಡದಲ್ಲಿದ್ದ ಚೀಲವನ್ನು ಎಳೆದಾಗ ಬೇರಿನ ತುಂಡೊಂದು ಜೊತೆಗೆ ಬಂತು, ಅದರ ಮೇಲೆ ಹವಳದಂತೆ ಗೊಂಚಲಾದ ಗಂಟುಗಳು. ಫ್ರ್ಯಾಂಕಿಯಾ ಎಂಬ ಬ್ಯಾಕ್ಟೀರಿಯದ ಮನೆ ಅದು. ನಮ್ಮ ಕರಾವಳಿಯ ಗಾಳಿಮರದ ಬೇರಿನಲ್ಲಿಯೂ ಇರುವುದು ಫ್ರ್ಯಾಂಕಿಯಾವೇ. ಹಳ್ಳದ ದಂಡೆಯಲ್ಲಿ ಆಲ್ಡರ್ ಬಂತೆಂದರೆ ಹಸಿದ ಮಣ್ಣಿಗೆ ಸಾರಜನಕದ ಹೊಸ ಆದಾಯ ಬಂತೆಂದೇ ಲೆಕ್ಕ.

ಆದಾಯ ಇಷ್ಟಿದ್ದೂ ಈ ಜಲಾನಯನದ ಹಳ್ಳಗಳು ಮಳೆ ಮತ್ತು ಹಿಮ ತಂದುಹಾಕುವುದಕ್ಕಿಂತ ಹೆಚ್ಚು ಸಾರಜನಕವನ್ನು ಹೊರಗೊಯ್ಯುತ್ತಿವೆ ಎಂಬುದು ಇಲ್ಲಿನ ಅಳತೆಗಳಿಂದ ಗೊತ್ತಾಗಿದೆ. 2004ರ ಬೆಂಕಿ ಇಲ್ಲಿಯ ಜಲಾನಯನದ ಒಂದು ಭಾಗವನ್ನು ಸುಟ್ಟಾಗ ಹಳ್ಳದ ನೈಟ್ರೇಟ್ ಏರಿತು, ಸಾವಯವ ಇಂಗಾಲ ಇಳಿಯಿತು: ಹೀರುವ ಬೇರು ಸತ್ತಿತ್ತು, ಕಂಬಳಿ ಸುಟ್ಟಿತ್ತು. ಬೆಂಕಿಯಿಲ್ಲದೆಯೂ ಮಂಜಿನ ತಟ್ಟೆ ಕರಗಿ ಕೆಳಗಿಳಿದರೆ ನೀರು ಕಪ್ಪು ಪದರವನ್ನು ಬಿಟ್ಟು ಹೂಳಿನೊಳಗೆ ದಾರಿ ಹುಡುಕಿಕೊಳ್ಳುತ್ತದೆ. ಆಗ ದಂಡೆಯಲ್ಲಿ ಕಾವಲಿದ್ದರೂ ಸರಕು ಕಾವಲಿನ ಕೆಳಗಿನಿಂದ ಸಾಗುತ್ತದೆ. ಕರಗಿದ ಮಣ್ಣು ಮುಂದೆ ಒಣಗಿ ಗಾಳಿ ಆಡತೊಡಗಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಸೈಬೀರಿಯದ ಕೊಲಿಮಾ ನದಿಯ ದಂಡೆಯಲ್ಲಿ ಕರಗಿ ಕೆಲವು ವರ್ಷ ಒಣಗಿದ ಹಳೆಯ ಹೂಳಿನಿಂದ ನೈಟ್ರಸ್ ಆಕ್ಸೈಡ್ ಹೇರಳವಾಗಿ ಹೊರಡುವುದನ್ನು 2021ರಲ್ಲಿ ಪ್ರಕಟಿಸಿದ್ದಾರೆ. ತೂಕಕ್ಕೆ ತೂಕ ಇಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿನ 273 ಪಟ್ಟು ಶಾಖ ಹಿಡಿಯುತ್ತದೆ. ಫಾಕ್ಸ್‌ನ ಸುರಂಗದ ಗೋಡೆಯಲ್ಲಿದ್ದದ್ದೂ ಅಂಥದೇ ಹೂಳು.

ಚೀಲಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆ ಅವಳು ಸರಳನ್ನು ಮತ್ತೆ ನನ್ನ ಕೈಗೆ ಕೊಟ್ಟಳು. ದಂಡೆಗೆ ಅಡ್ಡವಾಗಿ ನೆಟ್ಟ ಗೂಟಗಳ ಸಾಲಿನಲ್ಲಿ ನಾನು ಚುಚ್ಚುತ್ತ ಹೋದೆ, ಅವಳು ಬರೆದುಕೊಳ್ಳುತ್ತ ಬಂದಳು. ಮೊದಲ ನಾಲ್ಕು ಗೂಟಗಳ ಬಳಿ ಅದೇ ಠಣ್. ಐದನೆಯ ಗೂಟ ಹಳ್ಳಕ್ಕೆ ಹತ್ತಿರದ್ದು, ಅಲ್ಲಿ ಸ್ಪ್ರೂಸ್ ಮರವೊಂದು ನೀರಿನ ಕಡೆಗೆ ಪೂರ್ತಿ ವಾಲಿತ್ತು. ಸರಳು ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ನನ್ನ ಮುಷ್ಟಿ ಹಾವಸೆಗೆ ತಾಗಿತು. ಮೇಲೆತ್ತಿ ಒಂದು ಗೇಣು ಆಚೆ ಚುಚ್ಚಿದೆ. ಅಲ್ಲಿಯೂ ಹಾಗೆಯೇ. ಕಳೆದ ವರ್ಷ ಇಲ್ಲಿ ತಾಗುತ್ತಿತ್ತಾ ಎಂದು ಕೇಳಿದೆ. ಅವಳು ಪುಸ್ತಕದ ಹಿಂದಿನ ಹಾಳೆ ತಿರುವಿ ನೋಡಿದಳು, ಹೌದೆಂದು ತಲೆಯಾಡಿಸಿದಳು, ಸರಳಿನ ಉದ್ದವಾದ 120 ಸೆಂಟಿಮೀಟರಿನ ಮುಂದೆ ಅದಕ್ಕಿಂತ ಹೆಚ್ಚು ಎಂಬ ಗುರುತು ಹಾಕಿ ಆರನೆಯ ಗೂಟದ ಕಡೆಗೆ ನಡೆದಳು.